ಮೊದಲು ಮೋಲ್, ಆಮೇಲೆ ಪಿಎಚ್: ಆಮ್ಲ, ಪ್ರತ್ಯಾಮ್ಲ ಮತ್ತು ಬಫರ್‌ಗಳ ಲೆಕ್ಕ ಮಾಡುವ ಬಗೆ

ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ನನ್ನ ಬಳಿಗೆ ಒಂದು ದಿನ ಮುಧೋಳದ ಕಡೆಯ ಹುಡುಗನೊಬ್ಬ ತರಗತಿ ಮುಗಿದ ಮೇಲೆ ನೋಟ್‌ಬುಕ್ ಹಿಡಿದುಕೊಂಡು ಬಂದ. ಅವರ ಮನೆಯಲ್ಲಿ ಬೆಲ್ಲದ ಗಾಣವಿದೆ. ಕಬ್ಬಿನ ಹಾಲಿನ ಪಿಎಚ್ ಸುಮಾರು 5.3 ಇರುತ್ತದೆ ಎಂದು ಓದಿದ್ದ ಅವನು, ಒಂದು ಸಾವಿರ ಲೀಟರ್ ಹಾಲನ್ನು ಪಿಎಚ್ 7ಕ್ಕೆ ತರಲು ಎಷ್ಟು ಸುಣ್ಣ ಬೇಕಾಗುತ್ತದೆ ಎಂದು ತಾನೇ ಲೆಕ್ಕ ಹಾಕಿ ನೋಡಿದ್ದ. "ಸರ್, ನಮ್ಮಪ್ಪ ಬೊಗಸೆಗಟ್ಟಲೆ ಸುಣ್ಣ ಹಾಕ್ತಾರ್ರೀ. ನನ್ನ ಲೆಕ್ಕದಾಗ ಒಂದು ಚಿಟಿಕೆನೂ ಬರವಲ್ದು" ಎಂದ.

ಅವನ ಲೆಕ್ಕದಲ್ಲಿ ಗುಣಾಕಾರದ ತಪ್ಪು ಒಂದೂ ಇರಲಿಲ್ಲ. ಪಿಎಚ್ 5.3 ಎಂದರೆ ಲೀಟರಿಗೆ 5.0 × 10⁻⁶ ಮೋಲ್ (ಕಣಗಳನ್ನು ಎಣಿಸುವ ಅಳತೆ) ಹೈಡ್ರೊಜನ್ ಅಯಾನು, ಸಾವಿರ ಲೀಟರಿಗೆ 0.0050 ಮೋಲ್. ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎರಡು ಮೋಲ್ ಹೈಡ್ರಾಕ್ಸೈಡ್ ಅಯಾನು ಕೊಡುವುದರಿಂದ 0.0025 ಮೋಲ್ ಸುಣ್ಣ ಸಾಕು. ಅದರ ಅಣುತೂಕ 74, ಆದ್ದರಿಂದ ಉತ್ತರ 0.185 ಗ್ರಾಂ. ಸಕ್ಕರೆ ಕಾರ್ಖಾನೆಗಳಲ್ಲಿ ಟನ್ ಕಬ್ಬಿಗೆ ಬೇಕಾಗುವ ಸುಣ್ಣವನ್ನು ನೂರಾರು ಗ್ರಾಂಗಳಲ್ಲಿ, ಕೆಲವೆಡೆ ಕಿಲೋಗಳಲ್ಲಿಯೇ ಲೆಕ್ಕ ಹಿಡಿಯುತ್ತಾರೆ. ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡವರಿಗೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಅಧ್ಯಾಯದ ಮುಕ್ಕಾಲು ಭಾಗ ತಿಳಿದ ಹಾಗೆಯೇ. ಪಿಎಚ್ ತೋರಿಸುವುದು ದ್ರಾವಣದಲ್ಲಿ ಆ ಗಳಿಗೆಯಲ್ಲಿ ಬಿಡಿಯಾಗಿರುವ ಹೈಡ್ರೊಜನ್ ಅಯಾನುಗಳನ್ನು ಮಾತ್ರ. ಇನ್ನೂ ಬಿಡಿಯಾಗದೆ ದುರ್ಬಲ ಆಮ್ಲಗಳ ಅಣುಗಳಲ್ಲಿ ಅಡಗಿ ಕುಳಿತಿರುವ ಹೈಡ್ರೊಜನ್ ಅದರ ಕಣ್ಣಿಗೆ ಬೀಳುವುದಿಲ್ಲ. ಸುಣ್ಣ ಹಾಕಿದಾಗ ಮಾತ್ರ ಅದೂ ಹೊರಬಂದು ಸುಣ್ಣವನ್ನು ತಿನ್ನುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಒಂದು ಅಭ್ಯಾಸ ಹಾಕಿಸುತ್ತೇನೆ. ಸೂತ್ರ ನೆನಪಿಸಿಕೊಳ್ಳುವ ಮುನ್ನ, ಕ್ಯಾಲ್ಕುಲೇಟರ್ ಮುಟ್ಟುವ ಮುನ್ನ, ಬೀಕರಿನಲ್ಲಿ ಕೊನೆಗೆ ಯಾವ ಯಾವ ಪದಾರ್ಥ ಎಷ್ಟೆಷ್ಟು ಮೋಲ್ ಉಳಿಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಯಬೇಕು. ಬರೆದು ನೋಡಿದರೆ ಯಾವ ಸೂತ್ರ ಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಗಣಿತದ ತಪ್ಪುಗಳಲ್ಲ. ಬೀಕರಿನಲ್ಲಿ ಏನಿದೆ ಎಂದು ನೋಡದೆ ಸೂತ್ರಕ್ಕೆ ಕೈಹಾಕಿದ್ದರಿಂದ ಆದವು.

ಅಳತೆಗೋಲಿನ ಸ್ವಭಾವ

ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸನ್ ಬಳಕೆಗೆ ತಂದರು. ಹೈಡ್ರೊಜನ್ ಅಯಾನಿನ ಸಾರತೆಯನ್ನು ಲೀಟರಿಗೆ ಮೋಲ್‌ಗಳಲ್ಲಿ ಬರೆದು, ಅದರ ಲಾಗ್ ತೆಗೆದು, ಋಣಚಿಹ್ನೆಯನ್ನು ತಿರುಗಿಸಿದರೆ ಸಿಗುವುದೇ ಪಿಎಚ್. ಇದು ಲಾಗ್ ಅಳತೆಯಾದ್ದರಿಂದ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು. ಕಾಲುವೆ ನೀರು ಹರಿಯುವ ನಮ್ಮ ಕಡೆಯ ಎರೆಭೂಮಿಯಲ್ಲಿ ಸವಳು ಹಿಡಿದು, ಮಣ್ಣಿನ ಪಿಎಚ್ 8ರಿಂದ 9ಕ್ಕೆ ಏರಿತೆಂದು ಪರೀಕ್ಷಾ ವರದಿ ಬಂದರೆ, ಅದು ಎಂಟರಲ್ಲಿ ಒಂದು ಪಾಲು ಹೆಚ್ಚಾದದ್ದಲ್ಲ, ಹೈಡ್ರಾಕ್ಸೈಡ್ ಅಯಾನು ಹತ್ತು ಪಟ್ಟಾದದ್ದು.

ಇದೇ ಕಾರಣಕ್ಕೆ ಎರಡು ಪಿಎಚ್‌ಗಳ ಸರಾಸರಿ ತೆಗೆಯಬಾರದು. ಪಿಎಚ್ 2 ಇರುವ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಪಿಎಚ್ 4 ಇರುವ ಅದೇ ಆಮ್ಲವನ್ನೂ ಸಮಸಮ ಬೆರೆಸಿದರೆ 3 ಬರುವುದಿಲ್ಲ. ಹೈಡ್ರೊಜನ್ ಅಯಾನು 0.0100 ಮತ್ತು 0.0001 ಸೇರಿ ಅರ್ಧವಾದರೆ 0.00505, ಅಂದರೆ ಪಿಎಚ್ 2.30.

ನೀರಿನಲ್ಲಿ ಹೈಡ್ರೊಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾರತೆಗಳ ಗುಣಲಬ್ಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.0 × 10⁻¹⁴. ಪಿಎಚ್ ಮತ್ತು ಪಿಒಎಚ್ (ಹೈಡ್ರಾಕ್ಸೈಡ್ ಅಯಾನಿಗೆ ಅದೇ ರೀತಿ ತೆಗೆದ ಅಳತೆ) ಕೂಡಿದರೆ 14 ಎಂಬ ಮಾತು ಬಂದದ್ದು ಇಲ್ಲಿಂದಲೇ, ಮತ್ತು ಅದು ಆ ಉಷ್ಣಾಂಶಕ್ಕೆ ಮಾತ್ರ ಸರಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಪ್ರಯೋಗಶಾಲೆಯ ನೀರಿನ ಕ್ಯಾನು 40 ಡಿಗ್ರಿ ಮುಟ್ಟಿದಾಗ ಆ ಗುಣಲಬ್ಧ ಸುಮಾರು 2.9 × 10⁻¹⁴ ಆಗಿರುತ್ತದೆ, ಶುದ್ಧ ನೀರಿನ ಪಿಎಚ್ 6.77ಕ್ಕೆ ಇಳಿದಿರುತ್ತದೆ. ಆ ನೀರು ಆಮ್ಲೀಯವಾಗಿದೆ ಎಂದು ಅದರ ಅರ್ಥವಲ್ಲ. ಎರಡೂ ಅಯಾನುಗಳು ಸಮವಾಗಿಯೇ ಹೆಚ್ಚಿರುವುದರಿಂದ ಆ ಉಷ್ಣಾಂಶದಲ್ಲಿ 6.77 ಎಂಬುದೇ ತಟಸ್ಥ. ತಟಸ್ಥವೆಂದರೆ ಯಾವಾಗಲೂ 7 ಎಂದು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ.

ಪ್ರಬಲ ಆಮ್ಲ ಮತ್ತು ಪ್ರತ್ಯಾಮ್ಲಗಳು

ಇವು ಸುಲಭ. ಹೈಡ್ರೊಕ್ಲೋರಿಕ್, ನೈಟ್ರಿಕ್ ಆಮ್ಲಗಳು ನೀರಿನಲ್ಲಿ ಪೂರ್ತಿ ವಿಯೋಜನೆಗೊಳ್ಳುವುದರಿಂದ, ಅಂದರೆ ಅಯಾನುಗಳಾಗಿ ಒಡೆಯುವುದರಿಂದ, ಹಾಕಿದಷ್ಟೂ ಹೈಡ್ರೊಜನ್ ಅಯಾನು. ಬೆರೆಸುವ ಲೆಕ್ಕಗಳಲ್ಲಿ ಮಿಲಿಲೀಟರನ್ನು ಮೊಲಾರಿಟಿಯಿಂದ (ಲೀಟರಿಗೆ ಎಷ್ಟು ಮೋಲ್ ಎಂಬುದರಿಂದ) ಗುಣಿಸಿದರೆ ನೇರವಾಗಿ ಮಿಲಿಮೋಲ್ ಸಿಗುತ್ತದೆ ಎಂಬ ಅನುಕೂಲವನ್ನು ಬಿಡಬೇಡಿ, ಸೊನ್ನೆಗಳ ಕಾಟ ತಪ್ಪುತ್ತದೆ. 0.10 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ 50 ಮಿ.ಲೀ., 0.10 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 30 ಮಿ.ಲೀ. ಬೆರೆಸಿದಿರೆಂದರೆ 5.0 ಮಿಲಿಮೋಲ್ ಆಮ್ಲದಲ್ಲಿ 3.0 ಹೋಗಿ 2.0 ಉಳಿಯಿತು. ಒಟ್ಟು ಗಾತ್ರ ಈಗ 80 ಮಿ.ಲೀ. ಆಗಿದೆ ಎಂಬುದನ್ನು ಮರೆಯದೆ ಭಾಗಿಸಿದರೆ 0.025 ಮೋಲಾರ್, ಪಿಎಚ್ 1.60.

ಸುಣ್ಣದ ತಿಳಿನೀರಿನಲ್ಲಿ ಪ್ರತಿ ಮೋಲಿಗೆ ಎರಡು ಹೈಡ್ರಾಕ್ಸೈಡ್. 0.020 ಮೋಲಾರ್ ಸುಣ್ಣದ ನೀರಿನಲ್ಲಿ ಹೈಡ್ರಾಕ್ಸೈಡ್ 0.040, ಪಿಒಎಚ್ 1.40, ಪಿಎಚ್ 12.60. ಸುಣ್ಣ ಕರಗುವಷ್ಟೂ ಕರಗಿದ ನೀರು ಇದಕ್ಕಿಂತ ತುಸು ಗಟ್ಟಿಯಾಗಿದ್ದರೂ ಮೀಟರಿನಲ್ಲಿ ಅದು 25 ಡಿಗ್ರಿಗೆ 12.45ರ ಆಸುಪಾಸು ತೋರಿಸುತ್ತದೆ. ಅಯಾನುಗಳು ದಟ್ಟವಾದಾಗ ಒಂದನ್ನೊಂದು ಹಿಡಿದೆಳೆದು ಅವುಗಳ ಪರಿಣಾಮ ಎಣಿಕೆಗಿಂತ ಕಡಿಮೆಯಾಗುತ್ತದೆ. ಮೀಟರು ಅಳೆಯುವುದು ಆ ಪರಿಣಾಮವನ್ನು, ನಾವು ಲೆಕ್ಕ ಹಾಕಿದ್ದು ಸಾರತೆಯನ್ನು. ಪಾಠದ ಮಟ್ಟದಲ್ಲಿ ಈ ವ್ಯತ್ಯಾಸವನ್ನು ಬದಿಗಿಡುತ್ತೇವೆ, ಆದರೆ ಅದು ಇದೆ ಎಂಬುದು ಗೊತ್ತಿರಬೇಕು.

ಪ್ರಬಲ ಆಮ್ಲದಲ್ಲಿ ಒಂದೇ ಒಂದು ಬಲೆಯಿದೆ. 1.0 × 10⁻⁸ ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಎಂದು ಕೇಳಿದರೆ ಪ್ರತಿವರ್ಷವೂ ಅರ್ಧ ತರಗತಿ 8 ಎಂದು ಬರೆಯುತ್ತದೆ. ನೀರಿಗೆ ಆಮ್ಲ ಹಾಕಿದರೆ ಅದು ಪ್ರತ್ಯಾಮ್ಲೀಯವಾಗುವುದು ಹೇಗೆ ಎಂದು ತಡೆದು ಕೇಳಿದರೆ ತಕ್ಷಣ ತಪ್ಪು ಹೊಳೆಯುತ್ತದೆ. ಬೀಕರಿನಲ್ಲಿ ಏನಿದೆ ಎಂಬ ಪಟ್ಟಿಯಲ್ಲಿ ನೀರನ್ನೇ ಬಿಟ್ಟಿದ್ದಾರೆ. ನೀರಿನ ಪಾಲನ್ನೂ ಸೇರಿಸಿ ವರ್ಗಸಮೀಕರಣ ಬಿಡಿಸಿದರೆ ಹೈಡ್ರೊಜನ್ ಅಯಾನು 1.05 × 10⁻⁷, ಪಿಎಚ್ 6.98.

ದುರ್ಬಲ ಆಮ್ಲ: ಅಂದಾಜು ಎಲ್ಲಿಯವರೆಗೆ ಸರಿ

ಅಸಿಟಿಕ್ ಆಮ್ಲದ ವಿಯೋಜನ ಸ್ಥಿರಾಂಕ 1.8 × 10⁻⁵. 0.10 ಮೋಲಾರ್ ದ್ರಾವಣದಲ್ಲಿ ಎಕ್ಸ್‌ನಷ್ಟು ವಿಯೋಜನೆಯಾಯಿತೆಂದರೆ ಎಕ್ಸ್ ವರ್ಗವನ್ನು (0.10 − ಎಕ್ಸ್)ನಿಂದ ಭಾಗಿಸಿದ್ದು ಆ ಸ್ಥಿರಾಂಕಕ್ಕೆ ಸಮ. ಎಕ್ಸ್ ಬಹಳ ಚಿಕ್ಕದು ಎಂದು ಛೇದದಲ್ಲಿರುವ ಎಕ್ಸ್ ಅನ್ನು ಬಿಟ್ಟರೆ ಎಕ್ಸ್ ಎಂಬುದು 1.8 × 10⁻⁶ರ ವರ್ಗಮೂಲ, ಅಂದರೆ 1.34 × 10⁻³, ಪಿಎಚ್ 2.87. ಬಿಟ್ಟದ್ದು ಸರಿಯೇ ಎಂದು ತಿರುಗಿ ನೋಡಬೇಕು. 0.10ರಲ್ಲಿ ಇದು ಶೇ. 1.3 ಮಾತ್ರ. ಶೇ. 5ರ ಒಳಗಿದ್ದರೆ ಅಂದಾಜನ್ನು ಒಪ್ಪಬಹುದು.

ಅದೇ ಆಮ್ಲವನ್ನು ನೂರು ಪಟ್ಟು ತೆಳು ಮಾಡಿ 0.0010 ಮೋಲಾರ್ ಮಾಡಿದರೆ ಅಂದಾಜಿನ ಉತ್ತರ 1.34 × 10⁻⁴, ಇದು ಶೇ. 13ಕ್ಕಿಂತ ಹೆಚ್ಚು, ಒಪ್ಪುವ ಹಾಗಿಲ್ಲ. ವರ್ಗಸಮೀಕರಣ ಬಿಡಿಸಿದರೆ 1.25 × 10⁻⁴, ಪಿಎಚ್ 3.90. ಅಂದಾಜಿಗೆ ಬಂದದ್ದು 3.87. ವ್ಯತ್ಯಾಸ ಚಿಕ್ಕದೆಂದು ಅನ್ನಿಸಬಹುದು, ಆದರೆ ಆಮ್ಲ ತುಸು ಪ್ರಬಲವಾದಷ್ಟೂ, ದ್ರಾವಣ ತೆಳುವಾದಷ್ಟೂ ಅದು ಬೆಳೆಯುತ್ತ ಹೋಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆಗೆ ಹುಳಿ ತರುವ ಸಿಟ್ರಿಕ್ ಆಮ್ಲವನ್ನೇ ನೋಡಿ. ಅದು ಮೂರು ಹೈಡ್ರೊಜನ್ ಬಿಟ್ಟುಕೊಡಬಲ್ಲದು, ಪಿಕೆಎ ಬೆಲೆಗಳು (ವಿಯೋಜನ ಸ್ಥಿರಾಂಕದ ಲಾಗ್ ತೆಗೆದು ಋಣಚಿಹ್ನೆಯನ್ನು ತಿರುಗಿಸಿದವು) 3.13, 4.76 ಮತ್ತು 6.40. ಮೂರು ಹಂತ ನೋಡಿ ಹೆದರಬೇಕಾಗಿಲ್ಲ. ಪಿಎಚ್ ಅನ್ನು ತೀರ್ಮಾನಿಸುವುದು ಮೊದಲ ಹಂತ, ಉಳಿದೆರಡರ ಪಾಲು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಮೊದಲ ಸ್ಥಿರಾಂಕ 7.4 × 10⁻⁴ ಇರುವುದರಿಂದ 0.10 ಮೋಲಾರ್ ದ್ರಾವಣದಲ್ಲಿಯೇ ಅಂದಾಜು ಶೇ. 5ನ್ನು ದಾಟಿಬಿಡುತ್ತದೆ, ವರ್ಗಸಮೀಕರಣ ಬೇಕೇ ಬೇಕು. ಉತ್ತರ 2.08.

ದುರ್ಬಲ ಪ್ರತ್ಯಾಮ್ಲಕ್ಕೂ ದಾರಿ ಇದೇ, ಮೊದಲು ಪಿಒಎಚ್ ಬರುತ್ತದೆ ಅಷ್ಟೆ. 0.10 ಮೋಲಾರ್ ಅಮೋನಿಯಾ ದ್ರಾವಣದ ಪಿಎಚ್ 11.13.

ಬಫರ್

ದುರ್ಬಲ ಆಮ್ಲವೂ ಅದರ ಲವಣವೂ ಒಂದೇ ಬೀಕರಿನಲ್ಲಿ ಗಣನೀಯವಾಗಿ ಇದ್ದರೆ ಅದು ಬಫರ್. ಹೆಂಡರ್ಸನ್ 1908ರಲ್ಲಿ ಕೊಟ್ಟ ಸಂಬಂಧವನ್ನು ಮುಂದೆ ಹ್ಯಾಸೆಲ್‌ಬಾಲ್ಕ್ ಲಾಗ್ ರೂಪಕ್ಕೆ ತಂದರು:

ಪಿಎಚ್ = ಪಿಕೆಎ + ಲಾಗ್ (ಲವಣ ÷ ಆಮ್ಲ)

ಲವಣ ಮತ್ತು ಆಮ್ಲ ಒಂದೇ ಗಾತ್ರದಲ್ಲಿರುವುದರಿಂದ ಇಲ್ಲಿ ಸಾರತೆಯ ಬದಲು ಮಿಲಿಮೋಲ್‌ಗಳನ್ನೇ ಹಾಕಬಹುದು. ಅಸಿಟಿಕ್ ಆಮ್ಲದ ಪಿಕೆಎ 4.74. ಮನೆಯ ಮಸರಿನಲ್ಲಿ ಇದರ ಅರ್ಥವನ್ನು ನೋಡಬಹುದು. ಲ್ಯಾಕ್ಟಿಕ್ ಆಮ್ಲದ ಪಿಕೆಎ 3.86, ಚೆನ್ನಾಗಿ ಹೆಪ್ಪುಗಟ್ಟಿದ ಮಸರಿನ ಪಿಎಚ್ ಸುಮಾರು 4.5. ವ್ಯತ್ಯಾಸ 0.64, ಅದರ ಪ್ರತಿಲಾಗ್ 4.4. ಅಂದರೆ ಹುಟ್ಟಿದ ಲ್ಯಾಕ್ಟಿಕ್ ಆಮ್ಲದ ನೂರು ಅಣುಗಳಲ್ಲಿ ಎಂಬತ್ತೊಂದು ಆಗಲೇ ಹೈಡ್ರೊಜನ್ ಬಿಟ್ಟುಕೊಟ್ಟು ಲ್ಯಾಕ್ಟೇಟ್ ಆಗಿವೆ. ಆ ಹೈಡ್ರೊಜನ್ ಎಲ್ಲಿ ಹೋಯಿತು ಎಂದು ಕೇಳಿದರೆ, ಹಾಲಿನ ಪ್ರೋಟೀನು ಮತ್ತು ಫಾಸ್ಫೇಟುಗಳು ಅದನ್ನು ಹಿಡಿದುಕೊಂಡಿವೆ.

ಈಗ ಬಫರ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡೋಣ. 0.20 ಮೋಲಾರ್ ಅಸಿಟಿಕ್ ಆಮ್ಲ 100 ಮಿ.ಲೀ., 0.20 ಮೋಲಾರ್ ಸೋಡಿಯಂ ಅಸಿಟೇಟ್ 100 ಮಿ.ಲೀ. ಬೆರೆಸಿ. ಎರಡೂ 20 ಮಿಲಿಮೋಲ್, ಪಿಎಚ್ 4.74. ಇದಕ್ಕೆ 0.10 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ 10 ಮಿ.ಲೀ. ಹಾಕಿದರೆ ಬಂದದ್ದು 1.0 ಮಿಲಿಮೋಲ್. ಅದು ಪೂರ್ತಿಯಾಗಿ ಅಸಿಟೇಟ್ ಅನ್ನು ಹಿಡಿದು ಆಮ್ಲವಾಗಿಸುತ್ತದೆ, ಲವಣ 19, ಆಮ್ಲ 21. ಪಿಎಚ್ 4.70. ಅದೇ 10 ಮಿ.ಲೀ. ಆಮ್ಲವನ್ನು 200 ಮಿ.ಲೀ. ಬರಿಯ ನೀರಿಗೆ ಹಾಕಿದ್ದರೆ ಪಿಎಚ್ 7ರಿಂದ 2.32ಕ್ಕೆ ಬಿದ್ದಿರುತ್ತಿತ್ತು. ಬಫರಿಗೂ ಮಿತಿಯಿದೆ. 10ರ ಬದಲು 250 ಮಿ.ಲೀ. ಹಾಕಿದರೆ 25 ಮಿಲಿಮೋಲ್ ಆಮ್ಲ ಬಂದು 20 ಮಿಲಿಮೋಲ್ ಅಸಿಟೇಟ್ ಅನ್ನೂ ಮುಗಿಸಿ 5 ಮಿಲಿಮೋಲ್ ಪ್ರಬಲ ಆಮ್ಲ ಉಳಿಯುತ್ತದೆ. 450 ಮಿ.ಲೀ. ಗಾತ್ರದಲ್ಲಿ ಅದು 0.0111 ಮೋಲಾರ್, ಪಿಎಚ್ 1.95. ಇಲ್ಲಿ ಹೆಂಡರ್ಸನ್ ಸೂತ್ರಕ್ಕೆ ಜಾಗವೇ ಇಲ್ಲ, ಏಕೆಂದರೆ ಲವಣದ ಜಾಗದಲ್ಲಿ ಸೊನ್ನೆ ನಿಂತಿದೆ.

ನಾನು ಅತಿ ಹೆಚ್ಚು ಕಳಕಳಿಯಿಂದ ಹೇಳಬಯಸುವುದು ಮುಂದಿನ ಉದಾಹರಣೆಯನ್ನು. 500 ಮಿ.ಲೀ. ಅಸಿಟೇಟ್ ಬಫರ್ ಬೇಕು, ಪಿಎಚ್ 5.00, ಆಮ್ಲ ಮತ್ತು ಲವಣ ಕೂಡಿ 0.10 ಮೋಲಾರ್. ಕೈಯಲ್ಲಿರುವುದು 1.0 ಮೋಲಾರ್ ಅಸಿಟಿಕ್ ಆಮ್ಲ ಮತ್ತು 1.0 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಸಿದ್ಧ ಸೋಡಿಯಂ ಅಸಿಟೇಟ್ ಇಲ್ಲ. ಪಿಎಚ್‌ನಿಂದ ಪಿಕೆಎ ಕಳೆದರೆ 0.26, ಪ್ರತಿಲಾಗ್ 1.82. ಒಟ್ಟು ಬೇಕಾದದ್ದು 50 ಮಿಲಿಮೋಲ್. ಇದನ್ನು 1.82ಕ್ಕೆ 1ರಂತೆ ಹಂಚಿದರೆ ಲವಣ 32.3, ಆಮ್ಲ 17.7 ಮಿಲಿಮೋಲ್.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬರುತ್ತಾರೆ. ಆಮೇಲೆ ಹಲವರು ಅವಸರದಲ್ಲಿ 17.7 ಮಿ.ಲೀ. ಅಸಿಟಿಕ್ ಆಮ್ಲ, 32.3 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಅಳೆದು ಫ್ಲಾಸ್ಕಿಗೆ ಸುರಿಯುತ್ತಾರೆ. ಸೋಡಿಯಂ ಹೈಡ್ರಾಕ್ಸೈಡ್ ಲವಣವಲ್ಲ, ಆಮ್ಲವನ್ನು ತಿಂದು ಲವಣವನ್ನು ಮಾಡುವಂಥದು. ಇದ್ದ 17.7 ಮಿಲಿಮೋಲ್ ಆಮ್ಲವನ್ನೆಲ್ಲ ಅದು ಮುಗಿಸಿ, ತಾನೇ 14.6 ಮಿಲಿಮೋಲ್ ಉಳಿಯುತ್ತದೆ. 500 ಮಿ.ಲೀ.ಗೆ ಅದು 0.029 ಮೋಲಾರ್, ಪಿಎಚ್ 12.5ರ ಸಮೀಪ. 5 ಬೇಕಾಗಿದ್ದ ಕಡೆ 12.5! ಒಮ್ಮೆ ನಮ್ಮ ಪ್ರಯೋಗಶಾಲೆಯಲ್ಲಿ ಹೀಗಾದಾಗ ವಿದ್ಯಾರ್ಥಿನಿಯೊಬ್ಬಳು ಮೀಟರು ಕೆಟ್ಟಿದೆ ಎಂದೇ ನಂಬಿ ಎಲೆಕ್ಟ್ರೋಡನ್ನು ಮೂರು ಸಲ ತೊಳೆದಳು. "ಬೀಕರಿನ್ಯಾಗ ಈಗ ಏನೇನು ಉಳಿದೈತಿ, ಬರಿ ನೋಡೋಣು ತಂಗಿ" ಎಂದೆ. ಎರಡು ಸಾಲು ಬರೆಯುವಷ್ಟರಲ್ಲಿ ತಪ್ಪು ಅವಳಿಗೇ ಕಂಡಿತು. ಸರಿಯಾದ ದಾರಿಯೆಂದರೆ ಬೇಕಾದ ಒಟ್ಟು 50 ಮಿಲಿಮೋಲನ್ನೂ ಆಮ್ಲವಾಗಿಯೇ ತೆಗೆದುಕೊಳ್ಳುವುದು. 50 ಮಿ.ಲೀ. ಅಸಿಟಿಕ್ ಆಮ್ಲಕ್ಕೆ 32.3 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ 32.3 ಮಿಲಿಮೋಲ್ ಲವಣ ಹುಟ್ಟಿ 17.7 ಮಿಲಿಮೋಲ್ ಆಮ್ಲ ಉಳಿಯುತ್ತದೆ. ಆಮೇಲೆ ನೀರು ಹಾಕಿ 500 ಮಿ.ಲೀ. ಗೆರೆಗೆ ತರಬೇಕು.

ಬಫರಿಗೆ ಆಮ್ಲ ಆರಿಸುವಾಗ ಅದರ ಪಿಕೆಎ ಬೇಕಾದ ಪಿಎಚ್‌ಗೆ ಒಂದು ಅಂಕಿಯೊಳಗೆ ಇರಲಿ. ಪಿಎಚ್ 9ಕ್ಕೆ ಅಸಿಟೇಟ್ ಕೆಲಸಕ್ಕೆ ಬಾರದು, ಪಿಕೆಎ 9.25 ಇರುವ ಅಮೋನಿಯಂ ಒದಗುತ್ತದೆ.

ಟೈಟ್ರೇಶನ್‌ನ ನಾಲ್ಕು ತಾಣಗಳು

25.0 ಮಿ.ಲೀ. 0.10 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ 0.10 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತ ಹೋದರೆ ಮೇಲೆ ಕಲಿತದ್ದೆಲ್ಲ ಒಂದೇ ಫ್ಲಾಸ್ಕಿನಲ್ಲಿ ಸಾಲಾಗಿ ಬರುತ್ತದೆ. ಶುರುವಿನಲ್ಲಿ ದುರ್ಬಲ ಆಮ್ಲ ಮಾತ್ರ, ಪಿಎಚ್ 2.87. ನಡುವೆ ಬಫರ್, 12.5 ಮಿ.ಲೀ. ಬಿದ್ದಾಗ ಅರ್ಧ ಆಮ್ಲ ಅರ್ಧ ಲವಣ, ಪಿಎಚ್ 4.74. 25.0 ಮಿ.ಲೀ.ಗೆ ಫ್ಲಾಸ್ಕಿನಲ್ಲಿರುವುದು 0.050 ಮೋಲಾರ್ ಸೋಡಿಯಂ ಅಸಿಟೇಟ್ ಒಂದೇ. ಅದು ದುರ್ಬಲ ಪ್ರತ್ಯಾಮ್ಲ, ಅದರ ಸ್ಥಿರಾಂಕ 5.6 × 10⁻¹⁰. ಹೈಡ್ರಾಕ್ಸೈಡ್ 5.3 × 10⁻⁶, ಪಿಎಚ್ 8.72. ಅಲ್ಲಿಂದ ಮುಂದೆ ಹೆಚ್ಚಾದ ಸೋಡಿಯಂ ಹೈಡ್ರಾಕ್ಸೈಡ್‌ದೇ ಆಟ, 30 ಮಿ.ಲೀ.ಗೆ ಪಿಎಚ್ 11.96.

24.9 ಮಿ.ಲೀ.ಗೆ 7.14 ಇದ್ದ ಪಿಎಚ್ 25.1ಕ್ಕೆ 10.30 ಆಗುತ್ತದೆ. ಒಂದು ಹನಿ ಸುಮಾರು 0.05 ಮಿ.ಲೀ. ಎಂದರೆ ನಾಲ್ಕೇ ಹನಿಯಲ್ಲಿ ಮೂರು ಅಂಕಿ ಜಿಗಿತ. 8.2ರಿಂದ 10ರ ನಡುವೆ ಬಣ್ಣ ತಿರುಗುವ ಫಿನಾಫ್ತಲೀನ್ ಇಲ್ಲಿ ಏಕೆ ಸರಿಹೊಂದುತ್ತದೆ, 3.1ರಿಂದ 4.4ರಲ್ಲಿ ತಿರುಗುವ ಮೀಥೈಲ್ ಆರೆಂಜ್ ಏಕೆ ಬಹಳ ಮೊದಲೇ ಮೋಸ ಮಾಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮತ್ತೆ ಗಾಣದ ಹತ್ತಿರ

ಕಬ್ಬಿನ ಹಾಲಿನಲ್ಲಿ ಸಾವಯವ ಆಮ್ಲಗಳೂ ಫಾಸ್ಫೇಟುಗಳೂ ಇರುವುದರಿಂದ ಅದೊಂದು ಬಫರ್. ಅದನ್ನು ಆಮ್ಲೀಯವಾಗಿಯೇ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಗಟ್ಟಿಯಾಗಿ ನಿಲ್ಲುವುದಿಲ್ಲ. ಸುಣ್ಣ ಹಾಕುವುದರ ಕಾರಣಗಳಲ್ಲಿ ಇದೊಂದು. ಎಷ್ಟು ಹಾಕಬೇಕೆಂಬುದನ್ನು ಪಿಎಚ್ ಒಂದರಿಂದ ಲೆಕ್ಕ ಹಾಕಲಾಗದು, ಟೈಟ್ರೇಶನ್ ಮಾಡಿಯೇ ತಿಳಿಯಬೇಕು. ಆ ಹುಡುಗನಿಗೆ ಹೇಳಿದ ಕ್ರಮ ಇದು.

ಸುಣ್ಣವನ್ನು ನೀರಿನಲ್ಲಿ ಕದಡಿ, ಮುಚ್ಚಿಟ್ಟು, ತಿಳಿಯನ್ನು ಸೋಸಿಕೊಳ್ಳಬೇಕು. ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಬಿಳಿಯ ಪೊರೆ ಕಟ್ಟಿ ಸತ್ವ ಇಳಿಯುತ್ತದೆ. ಆದ್ದರಿಂದ ಅದೇ ದಿನ ಗೊತ್ತಿರುವ ಹೈಡ್ರೊಕ್ಲೋರಿಕ್ ಆಮ್ಲದ ಎದುರು ಅಳೆದು ಅದರ ಮೊಲಾರಿಟಿಯನ್ನು ಗೊತ್ತುಮಾಡಿಕೊಳ್ಳಬೇಕು. ಪಿಎಚ್ ಮೀಟರನ್ನು 25 ಡಿಗ್ರಿಯಲ್ಲಿ 4.01 ಮತ್ತು 6.86 ಬೆಲೆಯ ಪ್ರಮಾಣಿತ ಬಫರ್‌ಗಳಿಗೆ ಹೊಂದಿಸಿ, ಹಾಲಿನ ಉಷ್ಣಾಂಶವನ್ನೂ ಅದರಲ್ಲಿ ಸರಿಪಡಿಸಿಕೊಳ್ಳಬೇಕು. ಆಮೇಲೆ ಸೋಸಿದ ಕಬ್ಬಿನ ಹಾಲು 100 ಮಿ.ಲೀ. ತೆಗೆದುಕೊಂಡು, ಕಲಕುತ್ತ, ಪಿಎಚ್ 7.0 ಬರುವವರೆಗೆ ಸುಣ್ಣದ ನೀರು ಬಿಡಬೇಕು. ಹಾಲಿನ ಬಣ್ಣದಲ್ಲಿ ಸೂಚಕದ ಬಣ್ಣ ಕಾಣದಾದ್ದರಿಂದ ಇಲ್ಲಿ ಮೀಟರೇ ಬೇಕು. ಸೋಡಿಯಂ ಹೈಡ್ರಾಕ್ಸೈಡ್ ಬದಲು ಸುಣ್ಣದ ನೀರನ್ನೇ ಬಳಸುವುದು ಒಳ್ಳೆಯದು, ಏಕೆಂದರೆ ಕ್ಯಾಲ್ಸಿಯಂ ಹಾಲಿನಲ್ಲಿರುವ ಫಾಸ್ಫೇಟನ್ನು ಕೆಳಗೆ ಕೂರಿಸುವಾಗ ಇನ್ನಷ್ಟು ಹೈಡ್ರೊಜನ್ ಅಯಾನು ಬಿಡುಗಡೆಯಾಗುತ್ತದೆ, ಅದರ ಲೆಕ್ಕವೂ ಸೇರಬೇಕು.

0.020 ಮೋಲಾರ್ ಸುಣ್ಣದ ನೀರು 35 ಮಿ.ಲೀ. ಹಿಡಿಯಿತೆಂದು ಇಟ್ಟುಕೊಳ್ಳಿ. ಅದು 0.70 ಮಿಲಿಮೋಲ್. 100 ಮಿ.ಲೀ.ಗೆ ಇಷ್ಟಾದರೆ ಸಾವಿರ ಲೀಟರಿಗೆ ಹತ್ತು ಸಾವಿರ ಪಟ್ಟು, 7.0 ಮೋಲ್, 74ರಿಂದ ಗುಣಿಸಿದರೆ 518 ಗ್ರಾಂ. ಅಂಗಡಿಯ ಸುಣ್ಣದಲ್ಲಿ ನೂರಕ್ಕೆ ಎಂಬತ್ತು ಭಾಗ ಮಾತ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇದ್ದರೆ 518ನ್ನು 0.80ರಿಂದ ಭಾಗಿಸಿ ಸುಮಾರು 650 ಗ್ರಾಂ ತೂಗಿಕೊಳ್ಳಬೇಕು. ಕಬ್ಬಿನ ತಳಿ, ಭೂಮಿ, ಕಡಿದು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಹಾಲಿನ ಹುಳಿ ಬದಲಾಗುವುದರಿಂದ ಹೊಸ ಹೊಲದ ಕಬ್ಬು ಬಂದಾಗ ಮತ್ತೊಮ್ಮೆ 100 ಮಿ.ಲೀ. ತೆಗೆದು ಅಳೆಯಬೇಕು.